ಸತಿಪತಿಗಳ ಪರ್ವತ ಸೈಕಲ್ ಯಾನ: ಎರಡು ನಿಮಿಷಗಳ ನಿಯಮ

ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತದಲ್ಲಿ 2004ರಿಂದ ‘ಕೇಪ್ ಎಪಿಕ್’ ಎಂಬ ಪರ್ವತ ಸೈಕಲ್ ಸ್ಪರ್ಧೆ ನಡೆದುಬಂದಿದೆ. ಮಾರ್ಚ್ ತಿಂಗಳಿನಲ್ಲಿ, ಅಲ್ಲಿನ ಬೇಸಿಗೆ ಪೂರ್ಣವಾಗಿ ತಣಿಯುವ ಮೊದಲು, ಕಲ್ಲು, ಮರಳು, ಧೂಳು ತುಂಬಿದ ದಾರಿಯಲ್ಲಿ ಎಂಟು ದಿನಗಳಲ್ಲಿ ಸುಮಾರು 600ರಿಂದ 700 ಕಿಲೋಮೀಟರ್ ಕ್ರಮಿಸಬೇಕು. ಏರಿದ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 15,000 ಮೀಟರ್ ಆಗುತ್ತದೆ. ಇಬ್ಬರ ಜೋಡಿಯೇ ಈ ಸ್ಪರ್ಧೆಯ ಆಧಾರ. ಒಬ್ಬ ಸ್ತ್ರೀ ಹಾಗೂ ಒಬ್ಬ ಪುರುಷ ಸೇರಿದ ಮಿಶ್ರ ವಿಭಾಗವೂ ಇರುವುದರಿಂದ ಸತಿಪತಿಗಳು ಈ ಸಾಹಸವನ್ನು ಒಟ್ಟಿಗೆ ಕೈಗೊಳ್ಳಬಹುದಾಗಿದೆ.

ಈ ಸ್ಪರ್ಧೆಯ ಒಂದು ನಿಯಮ ಆರೋಗ್ಯದ ದೃಷ್ಟಿಯಿಂದ ಮನನೀಯವಾದುದು. ದಾರಿಯಲ್ಲಿ ಇಬ್ಬರ ನಡುವಿನ ಅಂತರ ಎರಡು ನಿಮಿಷಗಳನ್ನು ಮೀರಕೂಡದು. ಮೀರಿದರೆ ಜೋಡಿಗೆ ದಂಡ ಬೀಳುತ್ತದೆ. ಆದುದರಿಂದ ಆಯಾ ಗಳಿಗೆಯಲ್ಲಿ ಹೆಚ್ಚು ದಣಿದವರ ವೇಗವೇ ಇಬ್ಬರ ವೇಗವಾಗುತ್ತದೆ. ಇದನ್ನು ಮನಸಾರೆ ಒಪ್ಪದ ಜೋಡಿಗೆ ಎಂಟು ದಿನಗಳನ್ನು ತಾಳುವುದು ಕಷ್ಟ. ಇದಕ್ಕೆ ಶರೀರಶಾಸ್ತ್ರದಲ್ಲಿಯೇ ಕಾರಣಗಳಿವೆ.

ಒಂದೇ ವೇಗ, ಬೇರೆ ಬೇರೆ ಶ್ರಮ

ಇಬ್ಬರೂ ಒಂದೇ ಏರನ್ನು ಒಂದೇ ವೇಗದಲ್ಲಿ ಹತ್ತುತ್ತಿದ್ದರೂ ಇಬ್ಬರ ಹೃದಯಕ್ಕೂ ಅದು ಒಂದೇ ಶ್ರಮವಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್‌ನ ಪ್ರಮಾಣ ಮತ್ತು ಹೃದಯದ ಗಾತ್ರ ಸ್ತ್ರೀಯರಲ್ಲಿ ಸರಾಸರಿ ಕಡಿಮೆ. ಹೀಗಾಗಿ ಪತಿಯು ಮಾತನಾಡುತ್ತಾ ಏರುವ ದಿಬ್ಬದಲ್ಲಿ ಪತ್ನಿಯು ಏದುಸಿರು ಬಿಡುತ್ತಿರಬಹುದು. ವಯಸ್ಸು, ಅಭ್ಯಾಸ, ನಿದ್ರೆಗಳಿಗೆ ಅನುಸಾರವಾಗಿ ಇದಕ್ಕೆ ವಿಪರೀತವೂ ಆಗಬಹುದು. ಸಮಾನ ಶ್ರಮದಲ್ಲಿ ಸ್ತ್ರೀಯರ ದೇಹವು ಕೊಬ್ಬನ್ನು ಇಂಧನವಾಗಿ ತುಸು ಹೆಚ್ಚು ಬಳಸುತ್ತದೆ. ದಿನಗಟ್ಟಲೆ ನಡೆಯುವ ಯಾನದಲ್ಲಿ ಇದು ಅವರಿಗೆ ಅನುಕೂಲವೇ. ಮೊದಲ ದಿನ ಹಿಂದುಳಿದವರು ಆರನೆಯ ದಿನ ಮುಂದಿರುವುದು ಅಸಂಭವವೇನಲ್ಲ.

ಶ್ರಮವನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಸವಾರಿ ಮಾಡುತ್ತಾ ಪೂರ್ಣ ವಾಕ್ಯವೊಂದನ್ನು ಆಡಲು ಸಾಧ್ಯವಾದರೆ ಶ್ರಮ ಮಿತದಲ್ಲಿದೆ. ಎರಡು ಮೂರು ಶಬ್ದಗಳಿಗೇ ಉಸಿರು ಕಟ್ಟಿದರೆ ಮಿತಿ ಮೀರಿದೆ. ಬಲವುಳ್ಳವರು ಬಯಲಿನಲ್ಲಿ ಗಾಳಿಗೆ ಎದುರಾಗಿ ಮುಂದೆ ಸಾಗಿ, ದಣಿದವರು ಅವರ ಮರೆಯಲ್ಲಿ ಹಿಂಬಾಲಿಸಿದರೆ ಇಬ್ಬರ ಶ್ರಮ ಸಮೀಪಕ್ಕೆ ಬರುತ್ತದೆ.

ಅನ್ನ ಮತ್ತು ನೀರು

ಸ್ನಾಯು ಹಾಗೂ ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸಕ್ಕರೆಯ ಅಂಶ ಕಠಿಣ ಶ್ರಮದಲ್ಲಿ ಸುಮಾರು ಒಂದೂವರೆಯಿಂದ ಎರಡು ಗಂಟೆಗಳಲ್ಲಿ ಬಹುಪಾಲು ಬರಿದಾಗುತ್ತದೆ. ಆಗ ಕಾಲು ಸೋಲುತ್ತದೆ, ಮನಸ್ಸು ಕುಗ್ಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ದಾರಿಯಲ್ಲಿ ಹುಟ್ಟುವ ಎಷ್ಟೋ ಜಗಳಗಳಿಗೆ ಹಸಿವೇ ಮೂಲ. ಆದುದರಿಂದ ಹಸಿವೆಯನ್ನು ಕಾಯದೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆಯ ಅಂಶವನ್ನು ಸೇವಿಸುವುದು ರೂಢಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಇದು ಸುಮಾರು 25 ಗ್ರಾಂ ಇರುತ್ತದೆ.

ನೀರಿನ ವಿಷಯದಲ್ಲಿ ಎರಡೂ ಕಡೆ ಅಪಾಯವಿದೆ. ಬೆವರಿಗೆ ತಕ್ಕಷ್ಟು ನೀರು ಸಿಗದಿದ್ದರೆ ದೇಹ ಕಾವೇರುತ್ತದೆ. ಬೆವರಿದ್ದಕ್ಕಿಂತ ಬಹಳ ಹೆಚ್ಚು ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಲವಣ ತೆಳುವಾಗಿ, ಮಿದುಳು ಬಾತುಕೊಳ್ಳಬಹುದು. ದೀರ್ಘ ಓಟ ಮೊದಲಾದ ಸ್ಪರ್ಧೆಗಳಲ್ಲಿ ಉಂಟಾಗುವ ಈ ಎರಡನೆಯ ಅಪಾಯವನ್ನು ದಕ್ಷಿಣ ಆಫ್ರಿಕಾದ ವೈದ್ಯವಿಜ್ಞಾನಿ ಟಿಮ್ ನೋಕ್ಸ್ ಮತ್ತು ಸಂಗಡಿಗರು 1985ರಲ್ಲಿ ವೈದ್ಯಲೋಕದ ಗಮನಕ್ಕೆ ತಂದರು. ತಲೆನೋವು, ವಾಕರಿಕೆ, ಮಾತಿನ ತಡವರಿಕೆ, ಗೊಂದಲಗಳು ಇದರ ಲಕ್ಷಣಗಳು. ಬಾಯಾರಿಕೆಯನ್ನು ಅನುಸರಿಸಿ ಕುಡಿಯುವುದು ಸಾಮಾನ್ಯವಾಗಿ ಸುರಕ್ಷಿತ ಮಾರ್ಗ.

ದಣಿವನ್ನು ಮರೆಮಾಚುವ ಅಪಾಯ

ಬುದ್ಧಿ ಮಂಕಾದುದು ಮಂಕಾದವರಿಗೆ ತಿಳಿಯುವುದಿಲ್ಲ. ಬಿಸಿಲಾಘಾತದಲ್ಲಿಯೂ ಸೋಡಿಯಂ ಕುಸಿತದಲ್ಲಿಯೂ ವಿವೇಚನೆ ಕೆಡಬಹುದು. ಆಗ ಪಕ್ಕದಲ್ಲಿರುವವರ ಕಣ್ಣೇ ರಕ್ಷಣೆ. ಇಲ್ಲಿ ದಂಪತಿಗಳಿಗೆ ಒಂದು ಅನುಕೂಲವೂ ಒಂದು ತೊಡಕೂ ಇದೆ. ಸಂಗಾತಿಯ ದನಿ, ನಡೆ, ಮುಖಭಾವದಲ್ಲಾದ ಸಣ್ಣ ವ್ಯತ್ಯಾಸವನ್ನು ಅವರು ಇತರರಿಗಿಂತ ಬೇಗ ಗುರುತಿಸಬಲ್ಲರು. ಆದರೆ, ಸಂಗಾತಿಯ ಆಸೆ ಮುರಿಯಬಾರದೆಂಬ ಪ್ರೀತಿಯಿಂದಲೋ, ಸೋತೆನೆನ್ನಿಸಿಕೊಳ್ಳಬಾರದೆಂಬ ಅಭಿಮಾನದಿಂದಲೋ ‘ನನಗೇನೂ ಆಗಿಲ್ಲ’ ಎನ್ನುವವರೂ ಅವರೇ. ಈ ಒಂದು ಮಾತಿನಿಂದ ಯಾನವಷ್ಟೇ ಅಲ್ಲ, ಜೀವವೂ ಸಂಕಟಕ್ಕೆ ಸಿಲುಕಬಹುದು. ಹೊರಡುವ ಮುನ್ನವೇ ಒಂದು ಒಪ್ಪಂದವಿರಲಿ: ಇಬ್ಬರಲ್ಲಿ ಯಾರು ‘ನಿಲ್ಲೋಣ’ ಎಂದರೂ ಕಾರಣ ಕೇಳದೆ ನಿಲ್ಲುವುದು. ಸಂಗಾತಿಯಲ್ಲಿ ಗೊಂದಲ ಕಂಡರೆ ಅವರು ಬೇಡವೆಂದರೂ ಸವಾರಿ ನಿಲ್ಲಿಸಿ, ನೆರಳಿನಲ್ಲಿ ಕುಳ್ಳಿರಿಸಿ, ಕೂಡಲೇ ವೈದ್ಯರನ್ನು ಕರೆಸಬೇಕು.

ಸಿದ್ಧತೆ

ಇಂತಹ ಸಾಹಸಕ್ಕೆ ಅನೇಕ ತಿಂಗಳುಗಳ ಅಭ್ಯಾಸ ಬೇಕು. ದೂರವನ್ನು ವಾರದಿಂದ ವಾರಕ್ಕೆ ಅಲ್ಪಸ್ವಲ್ಪವೇ ಹೆಚ್ಚಿಸಬೇಕು. ವಾರಕ್ಕೊಂದು ದೀರ್ಘ ಸವಾರಿಯನ್ನಾದರೂ ಇಬ್ಬರೂ ಕೂಡಿಯೇ ಮಾಡಬೇಕು. ವಿಶ್ರಾಂತಿಯ ದಿನವನ್ನು ತಪ್ಪಿಸಬಾರದು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರು ಮೊದಲೇ ಹೃದಯದ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬೇಗ ದಣಿಯುವ ಸ್ತ್ರೀಯರು ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅಂಗೈ ಹಾಗೂ ಆಸನಭಾಗ ಜೋಮು ಹಿಡಿಯುತ್ತಿದ್ದರೆ ಸೈಕಲ್ಲಿನ ಆಸನ ಮತ್ತು ಹಿಡಿಕೆಗಳನ್ನು ದೇಹಕ್ಕೆ ಸರಿಹೊಂದಿಸಿಕೊಳ್ಳಬೇಕು. ತಲೆಗೆ ಹೆಲ್ಮೆಟ್ ಕಡ್ಡಾಯ.

ಆಫ್ರಿಕಾದ ಬೆಟ್ಟಗಳಿಗೆ ಹೋಗುವವರು ಕೆಲವರೇ. ಆದರೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಿತಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಎಲ್ಲರಿಗೂ ಅನ್ವಯಿಸುತ್ತದೆ. ಮುಂಜಾನೆ ಊರ ಹೊರಗಿನ ದಾರಿಯಲ್ಲಿ ನಡೆಯುವ, ಸೈಕಲ್ ತುಳಿಯುವ ದಂಪತಿಗಳು ಎರಡು ನಿಮಿಷಗಳ ಆ ನಿಯಮವನ್ನು ತಮಗೂ ವಿಧಿಸಿಕೊಳ್ಳಲಿ. ಮುಂದೆ ಹೋದವರು ಆಗಾಗ ತಿರುಗಿ ನೋಡಲಿ. ಹಿಂದುಳಿದವರು ಸಂಕೋಚವಿಲ್ಲದೆ ಕೂಗಿ ಕರೆಯಲಿ.