ಕರ್ನಾಟಕದಲ್ಲಿಲ್ಲದ ಕನ್ನಡ ರಾಜಧಾನಿ!

ಸಾವಿರ ವರ್ಷಕ್ಕೂ ಹಳೆಯದೊಂದು ಕನ್ನಡ ರಾಜಧಾನಿ. ಯಾವುದು, ಹೇಳಿ ನೋಡೋಣ! ಬನವಾಸಿ? ಅಲ್ಲ. ಬಾದಾಮಿ? ತಲಕಾಡು? ಊಹೂಂ. ಒಂದು ಸುಳಿವು ಕೊಡಲೇ? ಅದು ಕರ್ನಾಟಕದಲ್ಲೇ ಇಲ್ಲ!

ಇರುವುದು ಆಂಧ್ರದಲ್ಲಿ. ರೊದ್ದಂ, ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ. ಮಡಕಶಿರ ದಾಟಿ ಅಮರಾಪುರದ ಕಡೆ ಬನ್ನಿ. ನಮ್ಮ ಶಿರಾ ಗಡಿಯ ಪಕ್ಕದಲ್ಲೇ ಒಂದು ಹಳ್ಳಿ, ಹೇಮಾವತಿ. ಶಾಸನಗಳಲ್ಲಿ ಇದೇ ಹೆಂಜೇರು. ನೊಳಂಬ ಅರಸರು ಆಳಿದ ಊರು!

ನೊಳಂಬರ ನಾಡು ಎಷ್ಟು ದೊಡ್ಡದು? ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರದ ಕಡೆಯೆಲ್ಲ ಅವರ ಗುರುತುಗಳಿವೆ. ಶಾಸನಗಳಲ್ಲಿ ನಾಡಿನ ಹೆಸರಿನ ಜೊತೆಗೇ ಒಂದು ಅಂಕಿ ಬರುತ್ತದೆ: ನೊಳಂಬವಾಡಿ 32,000!

ಈಗ ಹೇಮಾವತಿಯ ಸಿದ್ಧೇಶ್ವರನ ಗುಡಿಯೊಳಗೆ ಬನ್ನಿ. ಶಿವನ ಗುಡಿಯಲ್ಲವೇ, ಗರ್ಭಗುಡಿಯಲ್ಲಿ ಏನಿರಬೇಕು? ಲಿಂಗ ಎನ್ನುತ್ತೀರಿ. ಇಲ್ಲ! ಶಿವನೇ ಮನುಷ್ಯರೂಪದಲ್ಲಿ ಕುಳಿತಿದ್ದಾನೆ! ಇಂಥ ಶಿವಾಲಯ ಎಷ್ಟು ಕಂಡಿದ್ದೀರಿ?

ಪಕ್ಕದ ದೊಡ್ಡೇಶ್ವರನ ಗುಡಿಯಲ್ಲಿ ಅವಸರ ಮಾಡಲೇಬೇಡಿ. ಕಲ್ಲಿನ ಜಾಲಂಧ್ರದ ಹತ್ತಿರ ಹೋಗಿ ನಿಲ್ಲಿ. ಬಳ್ಳಿ ಸುತ್ತಿ ಸುತ್ತಿ ಸುರುಳಿಯಾಗಿದೆ. ಸುರುಳಿಯೊಳಗೆ ಪುಟ್ಟ ಪುಟ್ಟ ಮೂರ್ತಿಗಳು! ನಡುವಿನ ಕಿಂಡಿಗಳಿಂದ ಒಳಗೆ ಬೆಳಕು. ಇದೆಲ್ಲ ಮರದ್ದಲ್ಲ ಸ್ವಾಮಿ, ಕರಿಗಲ್ಲು! ಕಂಬಗಳೋ, ನಯವಾಗಿ ತೀಡಿ ಹೊಳಪು ಕೊಟ್ಟವು. ಹೊಯ್ಸಳರ ಬೇಲೂರು ಹುಟ್ಟುವ ಮೊದಲೇ ಈ ಕೈಗಳು ಹೀಗೆ ಕೆತ್ತಿದ್ದವು. ನನಗಂತೂ ಇದು ಬೇಲೂರಿಗೆ ಒಂದು ಕೂದಲೆಳೆಯೂ ಕಡಿಮೆಯಲ್ಲ.

ಇಷ್ಟು ಚೆಂದದ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ನೊಳಂಬರನ್ನು ಸೋಲಿಸಿದ. 'ನೊಳಂಬಕುಲಾಂತಕ' ಎಂಬ ಬಿರುದನ್ನೇ ಹೊತ್ತ! ಆಮೇಲೆ ಬಂದವರು ಚೋಳರು.

ಅವರು ಒಯ್ದದ್ದೇನು, ಊಹಿಸಿ. ಚಿನ್ನ? ಆನೆ? ಕಂಬಗಳನ್ನು! ತಮಿಳುನಾಡಿನ ತಿರುವೈಯಾರಿನ ಗುಡಿಯಲ್ಲಿ ನೊಳಂಬ ಕಂಬಗಳ ಸಾಲೇ ನಿಂತಿದೆ. ಚೋಳರು ಗೆದ್ದು ಸಾಗಿಸಿದವು ಇವು ಎಂದು ಗುರುತಿಸಿದವರು ಕಲಾತಜ್ಞ ಸಿ. ಶಿವರಾಮಮೂರ್ತಿ. ಎತ್ತಿನ ಗಾಡಿಗಳ ಕಾಲದಲ್ಲಿ, ಕಾವೇರಿಯ ದಡದವರೆಗೆ, ಕಲ್ಲಿನ ಕಂಬಗಳು! ಹೇಮಾವತಿಯ ಇನ್ನಷ್ಟು ಶಿಲ್ಪಗಳು ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿವೆ.

ಅಷ್ಟೆಲ್ಲ ಹೋದ ಮೇಲೂ ಊರಲ್ಲಿ ಇಷ್ಟೊಂದು ಉಳಿದಿದೆ! ಲೇಪಾಕ್ಷಿಗೆ ಹೋಗುವ ನೂರು ಜನರಲ್ಲಿ ಹತ್ತು ಜನರಾದರೂ ಇತ್ತ ಬರಬೇಕು. ಮುಂದಿನ ಸಲ ಶಿರಾ ಕಡೆ ಹೊರಟಾಗ ಹೇಮಾವತಿಗೆ ಅರ್ಧ ದಿನ ಇಟ್ಟುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.