ಕಲ್ಯಾಣದ ಹೆಸರಿನ ರಕ್ತಗುಣ

ಕಲ್ಯಾಣ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಸವಣ್ಣನವರ ಕಲ್ಯಾಣ. ವೈದ್ಯಶಾಸ್ತ್ರದಲ್ಲಿ ಹೆಸರು ಪಡೆದಿರುವುದು ಬೇರೊಂದು ಕಲ್ಯಾಣ. ನಮ್ಮ ವಿಠ್ಠಲವಾಡಿಗೆ ಒಂದೇ ಸ್ಟೇಶನ್ ದೂರದಲ್ಲಿರುವ, ನಾವು ಗಾಡಿ ಬದಲಿಸುವ ಕಲ್ಯಾಣ. ೧೯೮೪ರಲ್ಲಿ ಇಶ್ವಾಡ್ ಮತ್ತು ನಾಯಕ್ ಎಂಬ ಸಂಶೋಧಕರು ಕೋಳಿ ಸಮಾಜದ ಒಂದು ಕುಟುಂಬದವರ ರಕ್ತದಲ್ಲಿ ಕಂಡ ವಿಶೇಷವೊಂದನ್ನು ‘ಜಿ-೬-ಪಿಡಿ ಕಲ್ಯಾಣ’ ಎಂದು ಕರೆದು ಪ್ರಕಟಿಸಿದರು. ಇದು ನಮಗೇಕೆ ಬೇಕು ಎಂದರೆ, ಮಲೇರಿಯಾದ ಗುಳಿಗೆ ನುಂಗುವ ಪ್ರಸಂಗ ನಮ್ಮ ಖೋಲಿಗಳಲ್ಲಿ ಯಾರಿಗೂ ತಪ್ಪಿದ್ದಲ್ಲ.

ಮಲೇರಿಯಾದಲ್ಲಿ ವೈವಾಕ್ಸ್ ಎಂಬ ಜಾತಿಯಿದೆ. ಕ್ಲೋರೊಕ್ವಿನ್ ಗುಳಿಗೆ ರಕ್ತದಲ್ಲಿರುವ ಅದರ ಕ್ರಿಮಿಯನ್ನು ಕೊಲ್ಲುತ್ತದೆ. ಆದರೆ ಕೆಲವು ಕ್ರಿಮಿಗಳು ಪಿತ್ತಜನಕಾಂಗದಲ್ಲಿ ನಿದ್ದೆ ಮಾಡುತ್ತ ಉಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎಚ್ಚರಗೊಳ್ಳುತ್ತವೆ. ರಜೆಯಲ್ಲಿ ಊರಿಗೆ ಹೋದಾಗ ಜ್ವರ ಮರುಕಳಿಸಿದರೆ ಪಾಪ, ಊರಿನ ನೀರನ್ನು ದೂರುತ್ತೇವೆ. ಈ ಮಲಗಿದ ಕ್ರಿಮಿಗಳನ್ನು ಕೊಲ್ಲಲೆಂದೇ ಪ್ರೈಮಾಕ್ವಿನ್ ಗುಳಿಗೆಯನ್ನು ಹದಿನಾಲ್ಕು ದಿನ ಕೊಡುತ್ತಾರೆ.

ಅದೇ ಗುಳಿಗೆ ಸಾವಿರಾರು ಜನರಿಗೆ ಹಿತವಾಗಿ, ಯಾರೋ ಕೆಲವರಿಗೆ ಮಾತ್ರ ವಿಷದಂತಾಗುತ್ತದೆ. ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದೇಕೆಂಬುದನ್ನು ಅಮೆರಿಕದ ಷಿಕಾಗೊ ವೈದ್ಯರು ಅಲ್ಲಿನ ಜೈಲೊಂದರ ಕೈದಿಗಳ ಮೇಲೆ ಪ್ರಯೋಗ ಮಾಡಿ ಹುಡುಕಿದರು. ಕೈದಿಗಳು ಒಪ್ಪಿದ್ದರೆಂದು ಬರೆದಿದ್ದಾರೆ. ಸೆರೆಯಲ್ಲಿದ್ದವನ ಒಪ್ಪಿಗೆಗೆ ಎಷ್ಟು ಬೆಲೆಯೆಂಬುದನ್ನು ಓದುಗರೇ ಎಣಿಸಿ ನೋಡಬಹುದು. ಅವರ ಯುಕ್ತಿ ಮಾತ್ರ ಸರಳವಾಗಿತ್ತು. ಗುಳಿಗೆ ಒಗ್ಗದವನ ರಕ್ತಕಣಗಳಿಗೆ ಗುರುತು ಹಾಕಿ, ಅವನ್ನು ಒಗ್ಗುವವನ ಮೈಗೆ ಸೇರಿಸಿದರು. ಗುಳಿಗೆ ಕೊಟ್ಟೊಡನೆ ಅತಿಥಿಯಾಗಿ ಬಂದ ಕಣಗಳು ಒಡೆದವು, ಮನೆಯ ಕಣಗಳು ಉಳಿದವು. ಅದಲು ಬದಲು ಮಾಡಿದಾಗಲೂ ಒಗ್ಗುವವನ ಕಣಗಳಿಗೆ ಅಪಾಯವಾಗಲಿಲ್ಲ. ಅಂದರೆ ಭೇದವಿರುವುದು ಕಣದ ಒಳಗೆ. ಆ ಭೇದ ಜಿ-೬-ಪಿಡಿ ಎಂಬ ಕಿಣ್ವದ ಕೊರತೆಯೆಂದು ೧೯೫೬ರಲ್ಲಿ ಗೊತ್ತಾಯಿತು. ಮೂರು ವರ್ಷಗಳ ತರುವಾಯ, ೧೯೫೯ರಲ್ಲಿ, ಇಂಥ ವಿಷಯಗಳ ಅಧ್ಯಯನಕ್ಕೆ ಜರ್ಮನಿಯ ಫೋಗೆಲ್ ಎಂಬವರು ‘ಫಾರ್ಮಕೊಜೆನೆಟಿಕ್ಸ್’ ಎಂದು ಹೆಸರಿಟ್ಟರು. ಅನುವಂಶಕ್ಕೂ ಔಷಧಕ್ಕೂ ಇರುವ ಸಂಬಂಧವನ್ನು ತಿಳಿಯುವ ಶಾಸ್ತ್ರವೆಂದು ನಾವು ಹೇಳಿಕೊಳ್ಳಬಹುದು.

ಈ ಕಿಣ್ವದ ಕೆಲಸ ರಕ್ತಕಣವನ್ನು ಒಂದು ಬಗೆಯ ತುಕ್ಕಿನಿಂದ ಕಾಯುವುದು. ಪ್ರೈಮಾಕ್ವಿನ್ ಆ ತುಕ್ಕನ್ನು ಹೆಚ್ಚಿಸುತ್ತದೆ. ಕಾವಲು ಸಾಲದಿದ್ದರೆ ಕಣ ಒಡೆಯುತ್ತದೆ. ಕಿಣ್ವವೆಂದರೆ ೫೧೫ ಮಣಿಗಳ ಸರ. ಕಲ್ಯಾಣ ಬಗೆಯಲ್ಲಿ ೩೧೭ನೆಯ ಮಣಿ ಒಂದೇ ಬದಲಾಗಿದೆ. ಕೇರಳದಲ್ಲಿ ಸಿಕ್ಕಿದ್ದ ಇನ್ನೊಂದು ಬಗೆಗೆ ‘ಜಿ-೬-ಪಿಡಿ ಕೇರಳ’ ಎಂದು ಹೆಸರಿತ್ತು. ೧೯೯೨ರಲ್ಲಿ ಎರಡನ್ನೂ ಒರೆಹಚ್ಚಿ ನೋಡಿದರೆ ಬದಲಾದ ಮಣಿ ಒಂದೇ! ಒಬ್ಬನೇ ಕೆಲಸಗಾರನ ಹೆಸರು ಮಸ್ಟರಿನಲ್ಲಿ ಎರಡು ನಂಬರಿನಡಿ ಏರಿದಂತಾಗಿತ್ತು. ಈಗ ಅದನ್ನು ‘ಕೇರಳ-ಕಲ್ಯಾಣ’ ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಊರಿದೆ ಎಂದ ಮಾತ್ರಕ್ಕೆ ಅದು ಕೋಳಿಗಳದು, ಮಲೆಯಾಳಿಗಳದು, ನಮ್ಮದಲ್ಲ ಎಂದುಕೊಳ್ಳಬೇಡಿ. ಮೊದಲು ಎಲ್ಲಿ ಸಿಕ್ಕಿತೋ ಆ ಊರಿನ ಹೆಸರು ಬಿದ್ದಿದೆ, ಅಷ್ಟೆ. ಮಲೇರಿಯಾ ಬಹುಕಾಲ ಇದ್ದ ನಾಡುಗಳಲ್ಲೆಲ್ಲ ಈ ಕೊರತೆಯ ಒಂದಲ್ಲ ಒಂದು ಬಗೆ ಕಾಣುತ್ತದೆ.

ಆದುದರಿಂದ ಒಂದು ಖೋಲಿಯಲ್ಲಿ ಎಂಟು ಜನ ಇರುವಲ್ಲಿ, ಒಬ್ಬನ ಉಳಿದ ಗುಳಿಗೆಯನ್ನು ಇನ್ನೊಬ್ಬನಿಗೆ ಕೊಡುವ ಸ್ನೇಹ ಬೇಡ. ಬಸುರಿಯರಿಗೂ ಎಳೆಗೂಸುಗಳಿಗೂ ಪ್ರೈಮಾಕ್ವಿನ್ ಕೊಡುವುದಿಲ್ಲ. ಹಾಗೆಂದು ಹೆದರಿ, ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಜ್ವರ ಇಳಿದೊಡನೆ ನಿಲ್ಲಿಸಲೂಬಾರದು. ಮೂತ್ರ ಕಪ್ಪಾದರೆ ಮಾತ್ರ ಕೂಡಲೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಕೊರತೆ ಇದ್ದವರಿಗೂ ದಾರಿಯಿದೆ. ಡಾಕ್ಟರರ ಕಣ್ಣೆದುರಿನಲ್ಲಿ ವಾರಕ್ಕೊಮ್ಮೆಯಂತೆ ಎಂಟು ವಾರ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರಕ್ತಪರೀಕ್ಷೆಯಿಂದ ಕೊರತೆ ತಿಳಿಯುತ್ತದೆ. ಆದರೆ ಕಣಗಳು ಒಡೆದ ಹೊಸದರಲ್ಲಿ ಮಾಡಿಸಿದರೆ, ಹೊಸ ಕಣಗಳೇ ಹೆಚ್ಚಿರುವುದರಿಂದ ಪರೀಕ್ಷೆ ಸುಳ್ಳು ಹೇಳುವುದುಂಟು. ಕೆಲವು ವಾರ ಕಳೆದು ಮತ್ತೆ ಮಾಡಿಸಬೇಕಾಗುತ್ತದೆ.

ಕೊರತೆಯಿದ್ದವರಿಗೆ ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಕೂಡ ತೊಂದರೆ ಮಾಡಬಹುದು. ಟ್ರಂಕಿನಲ್ಲಿ ಇಡುವ ನುಸಿಗುಳಿಗೆಯೂ ಹಾಗೆಯೇ. ಅದರ ವಾಸನೆ ಹಿಡಿದ ಬಟ್ಟೆ ಕೂಸಿಗೆ ಹೊದಿಸಬಾರದು. ಬಾಕ್ಲಾ ಎಂಬ ಕಾಳನ್ನೂ ಬಿಡಬೇಕು. ನಮ್ಮ ಅವರೆ ಬೇರೆ ಜಾತಿಯದು, ಅದಕ್ಕೆ ಈ ಅಪವಾದವಿಲ್ಲ.

ಈ ಗುಣ ಗಂಡಸಿಗೆ ಬರುವುದು ತಾಯಿಯಿಂದ. ತಂದೆಯಿಂದ ಮಗನಿಗೆ ಬಾರದು, ಮಗಳಿಗೆ ಬರುತ್ತದೆ. ಹೆಂಗಸರಲ್ಲಿ ಅನೇಕ ವೇಳೆ ತೋರದೆ ಅಡಗಿರುತ್ತದೆ. ಪರೀಕ್ಷೆಯ ಚೀಟಿಯಲ್ಲಿ ಕೊರತೆಯೆಂದು ಬಂದವರು ಅದನ್ನು ರೇಶನ್ ಕಾರ್ಡಿನ ಜೊತೆ ಜೋಪಾನವಾಗಿಟ್ಟು, ತಾಯಿಯ ಕಡೆಯ ಸೋದರಮಾವಂದಿರಿಗೂ ಅಕ್ಕತಂಗಿಯರ ಗಂಡುಮಕ್ಕಳಿಗೂ ಊರಿಗೆ ಸುದ್ದಿ ಮುಟ್ಟಿಸುವುದು ಒಳ್ಳೆಯದು.