ಸೈಕಲ್ಲಿಗೊಂದು ನೆಲೆ

ಊರಿನ ಸುಧಾರಣೆಯೆಂದೊಡನೆ ನಮ್ಮ ಜನರ ಮನಸ್ಸು ದೊಡ್ಡ ಕಟ್ಟಡ, ಅಗಲವಾದ ರಸ್ತೆ, ದೀಪದ ಕಂಬಗಳ ಕಡೆಗೆ ಹರಿಯುವುದು ಸಹಜ. ಸೈಕಲ್ಲನ್ನು ನಿಲ್ಲಿಸುವ ಒಂದು ಕಬ್ಬಿಣದ ಕಮಾನಿನ ವಿಷಯವಾಗಿ ನಾವು ಬರೆಯಹೊರಟಿರುವುದನ್ನು ಕಂಡು ಕೆಲವು ವಾಚಕರು ನಗಲೂಬಹುದು. ಆದರೆ ಅಲ್ಪವೆಂದು ತೋರುವ ವಸ್ತುವಿನ ಅಭಾವದಿಂದ ಒಂದು ಸಂಸಾರಕ್ಕೆ ಎಷ್ಟು ಕಷ್ಟವೊದಗುವುದೆಂಬುದನ್ನು ಕಣ್ಣಾರೆ ಕಂಡಿರುವುದರಿಂದ ನಾವು ಈ ಮಾತನ್ನು ಹೇಳದೆ ಇರಲಾರೆವು.

ಕುಂದೂರು ಆಲೂರು ತಾಲ್ಲೂಕಿನ ಒಂದು ಹೋಬಳಿಯ ಊರು. ಸುತ್ತಲೂ ಗುಡ್ಡಗಳು, ಕಾಫಿಯ ತೋಟಗಳು, ತಗ್ಗಿನಲ್ಲಿ ಬತ್ತದ ಗದ್ದೆಗಳು. ಈ ಸೀಮೆಯಲ್ಲಿ ಅನೇಕ ಮನೆಗಳು ಒತ್ತಾಗಿರದೆ ತೋಟಗಳ ನಡುವೆ ಚದರಿಕೊಂಡಿರುತ್ತವೆ. ಬಸ್ಸು ಹಿಡಿಯಬೇಕಾದವರು ರಸ್ತೆಯವರೆಗೆ ನಡೆದು ಬರಬೇಕು, ಇಲ್ಲವೆ ಸೈಕಲ್ಲಿನಲ್ಲಿ ಬಂದು ಅದನ್ನು ಎಲ್ಲಿಯಾದರೂ ನಿಲ್ಲಿಸಿ ಹೋಗಬೇಕು. ಈ ‘ಎಲ್ಲಿಯಾದರೂ’ ಎಂಬುದರಲ್ಲಿಯೇ ನಮ್ಮ ಕಥೆಯಿರುವುದು.

ಒಂದು ಆಷಾಢದ ಸಂಜೆ ನಾವು ಅಲ್ಲಿ ಬಸ್ಸಿನಿಂದಿಳಿದಾಗ, ಆಲೂರಿನ ಕಾಲೇಜಿಗೆ ಹೋಗಿಬರುವ ಹುಡುಗಿಯೊಬ್ಬಳೂ ನಮ್ಮೊಡನೆ ಇಳಿದಳು. ಬೆಳಗ್ಗೆ ಅಂಗಡಿಯೊಂದರ ಗೋಡೆಗೆ ಒರಗಿಸಿದ್ದ ಅವಳ ಸೈಕಲ್ಲು ಚರಂಡಿಯ ಪಕ್ಕದಲ್ಲಿ ಬಿದ್ದಿತ್ತು. ಹಿಂದಕ್ಕೆ ಬಂದ ಯಾವುದೋ ಗಾಡಿಯ ಭಾರ ತಗುಲಿ ಮುಂದಿನ ಗಾಲಿ ಬಾಗಿಹೋಗಿತ್ತು. “ಬಾಗಿಲಿಗೆ ಅಡ್ಡವಾಗಿತ್ತು ಕಣವ್ವ, ಪಕ್ಕಕ್ಕಿಟ್ಟಿದ್ದೆ” ಎಂದು ಅಂಗಡಿಯವರು ನೊಂದುಕೊಂಡೇ ಹೇಳಿದರು. “ಇರಲಿ ಬಿಡಣ್ಣ” ಎಂದು ಅವಳು ಮುಂದಿನ ಗಾಲಿಯನ್ನು ಎತ್ತಿ ಹಿಡಿದು, ಹಿಂದಿನ ಗಾಲಿಯ ಮೇಲೆ ಸೈಕಲ್ಲನ್ನು ನೂಕಿಕೊಂಡು ಮಳೆಯಲ್ಲಿ ಹೊರಟಳು. ಆಲೂರು ಸಕಲೇಶಪುರಗಳ ತೋಟಗಳಲ್ಲಿ ಕಾಡಾನೆಗಳ ಸಂಚಾರವಿರುವುದು ಎಲ್ಲರಿಗೂ ತಿಳಿದ ವಿಷಯ. ಕತ್ತಲಾಗುವುದರೊಳಗೆ ಮಗಳು ಮನೆ ಸೇರುವಳೋ ಇಲ್ಲವೋ ಎಂದು ಅವಳ ತಾಯಿ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದರೋ!

ತಪ್ಪು ಯಾರದು? ಅಂಗಡಿಯವರಿಗೆ ಬಾಗಿಲು ತೆರವಾಗಿರಬೇಕು. ಹುಡುಗಿಗೆ ಸೈಕಲ್ಲಿಡಲು ಸ್ಥಳ ಬೇಕು. ಗಾಡಿಯವನಿಗೆ ಹಿಂದೆ ಬಿದ್ದದ್ದು ಕಾಣಿಸದು. ಇಲ್ಲದಿದ್ದುದು ಒಂದೇ: ಸೈಕಲ್ಲಿಗೆ ಇದು ನಿನ್ನ ನೆಲೆಯೆಂದು ಗೊತ್ತುಮಾಡಿದ ಜಾಗ. ನಮ್ಮ ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಇದರಿಂದ ಸಹಸ್ರಾರು ಮನೆಗಳ ಅಂಗಳಕ್ಕೆ ಸೈಕಲ್ಲು ಬಂದಿತು. ಅದು ಹೋಗಿ ನಿಲ್ಲುವ ಸ್ಥಳದ ಚಿಂತೆಯನ್ನು ಮಾತ್ರ ನಮ್ಮ ಊರುಗಳು ಮಾಡಲಿಲ್ಲ.

ಆ ಚಿಂತೆಯನ್ನು ಮಾಡಿದ ನಗರ ಮೈಸೂರು. 2017ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ಬಾಡಿಗೆಯ ಸೈಕಲ್ಲುಗಳ ಸಾರ್ವಜನಿಕ ವ್ಯವಸ್ಥೆ ಆರಂಭವಾದಾಗ, 450 ಸೈಕಲ್ಲುಗಳಿಗಾಗಿ 48 ನಿಲ್ದಾಣಗಳನ್ನು ಏರ್ಪಡಿಸಿದ್ದರು. ಎಂದರೆ ಸುಮಾರು ಒಂಬತ್ತು ಸೈಕಲ್ಲುಗಳಿಗೊಂದು ನಿಲ್ದಾಣ. ಸೈಕಲ್ಲು ಎಷ್ಟು ಮುಖ್ಯವೋ ಅದರ ನೆಲೆಯೂ ಅಷ್ಟೇ ಮುಖ್ಯವೆಂಬ ಪಾಠವು ಇದರಲ್ಲಿ ಅಡಗಿದೆ.

ಕುಂದೂರಿನಂತಹ ಊರಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ನಮ್ಮ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಹುದಾದ ಕಮಾನು ಸಾಕು. ಆದರೆ ಅದನ್ನು ತಿಳಿದು ಮಾಡಿಸಬೇಕು. ಮುಂದಿನ ಗಾಲಿಯನ್ನು ಮಾತ್ರ ಸಂದಿಯಲ್ಲಿ ಸಿಕ್ಕಿಸುವ ಹಳೆಯ ಮಾದರಿಯಲ್ಲಿ ಸೈಕಲ್ಲು ಪಕ್ಕಕ್ಕೆ ವಾಲಿದರೆ ಭಾರವೆಲ್ಲ ರಿಮ್ಮಿನ ಮೇಲೆಯೇ ಬಿದ್ದು ಗಾಲಿ ಸೊಟ್ಟಗಾಗುವುದು. ನೆಲದಿಂದ ಸುಮಾರು ಎರಡೂವರೆ ಅಡಿಗೂ ಸ್ವಲ್ಪ ಮಿಕ್ಕು ಎತ್ತರದ, ಕೊಳವೆಯನ್ನು ಬಾಗಿಸಿ ಮಾಡಿದ ಸರಳವಾದ ಕಮಾನಾದರೆ ಸೈಕಲ್ಲಿನ ಮೈಯೇ ಅದಕ್ಕೆ ಒರಗುವುದು. ಎರಡು ಪಕ್ಕದಲ್ಲಿ ಎರಡು ಸೈಕಲ್ಲು ನಿಲ್ಲುವುವು. ಹಿಂದಿನ ಗಾಲಿಗೆ ಹಾಕುವ ನಮ್ಮ ಬೀಗವು ಗಾಲಿಯನ್ನು ತಡೆಯುವುದೇ ಹೊರತು, ಸೈಕಲ್ಲನ್ನು ಎತ್ತಿಕೊಂಡು ಹೋಗುವವನನ್ನು ತಡೆಯದು. ಕಮಾನಿದ್ದರೆ ಸರಪಳಿಯಿಂದ ಅದಕ್ಕೇ ಬಿಗಿಯಬಹುದು. ಕಮಾನಿನಿಂದ ಕಮಾನಿಗೆ ಮೂರು ಅಡಿಯಾದರೂ ಅಂತರವಿರಲಿ. ಇಲ್ಲದಿದ್ದರೆ ಹ್ಯಾಂಡಲುಗಳು ಒಂದಕ್ಕೊಂದು ತೊಡರುವುವು.

ಮಲೆನಾಡಿನ ಮಳೆಯನ್ನು ಮರೆಯಲಾಗದು. ಬರಿಯ ಬಣ್ಣ ಬಳಿದ ಕಬ್ಬಿಣ ಬೇಗನೆ ತುಕ್ಕು ಹಿಡಿಯುವುದರಿಂದ ಸತುವಿನ ಲೇಪವಿರುವ ಕೊಳವೆಯೇ ಉತ್ತಮ. ಬುಡದ ಕಾಂಕ್ರೀಟು ನೆಲಕ್ಕಿಂತ ಕೊಂಚ ಎತ್ತರವಾಗಿದ್ದರೆ ಸುತ್ತಲೂ ನೀರು ನಿಲ್ಲದು. ಮೇಲೊಂದು ತಗಡಿನ ಮಾಡಿದ್ದರೆ ಮತ್ತೂ ಲೇಸು. ಸ್ಥಳವು ಅಂಗಡಿಗಳವರ ಕಣ್ಣಿಗೆ ಕಾಣುವಂತೆಯೂ, ಬಸ್ಸು ನಿಲ್ಲುವಲ್ಲಿಗೆ ಹತ್ತಿರವಾಗಿಯೂ, ನಡೆಯುವವರಿಗೆ ಅಡ್ಡವಾಗದಂತೆಯೂ ಇರತಕ್ಕದ್ದು. ಮರೆಯಲ್ಲಿರುವ ಸ್ಟ್ಯಾಂಡಿಗೆ ಕಳ್ಳನಲ್ಲದೆ ಮತ್ತಾರೂ ಹೋಗರು.

ಇನ್ನು ಅಂದದ ಮಾತು. 2008ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಡೇವಿಡ್ ಬರ್ನ್ ಎಂಬ ಸಂಗೀತಗಾರರು ಒಂಬತ್ತು ಬಗೆಯ ಸೈಕಲ್ ಸ್ಟ್ಯಾಂಡುಗಳನ್ನು ರೂಪಿಸಿದರು. ಹಣದ ವ್ಯಾಪಾರ ನಡೆಯುವ ವಾಲ್ ಸ್ಟ್ರೀಟಿನಲ್ಲಿ ಡಾಲರಿನ ಚಿಹ್ನೆ, ಬೆಲೆಬಾಳುವ ಉಡುಪುಗಳ ಅಂಗಡಿಬೀದಿಯಲ್ಲಿ ಹೆಂಗಸರ ಎತ್ತರದ ಹಿಮ್ಮಡಿಯ ಪಾದರಕ್ಷೆ. ನಮ್ಮಲ್ಲಿಯೂ ಕಮಾನಿನ ನಡುವೆ ಒಂದು ಕಾಫಿಯ ರೆಂಬೆಯನ್ನು ಕೂಡಿಸಿದರೆ ಊರಿನ ಗುರುತೂ ಆಯಿತು, ಬೀದಿಗೆ ಕಳೆಯೂ ಬಂದಿತು. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ನೆನಪಿನಿಂದ ನಕ್ಷತ್ರವನ್ನೇ ಮಾಡಿಸೋಣವೆಂದು ಯಾರಿಗಾದರೂ ತೋರಬಹುದು. ಚೂಪು ಕೋನಗಳು ಮಕ್ಕಳ ಕಣ್ಣಿಗೆ ತಾಗುವುವೆಂಬುದನ್ನು ಅವರು ನೆನೆಯಬೇಕು. ಮೊದಲು ಉಪಯೋಗ, ಬಳಿಕ ಅಲಂಕಾರ.

ಒಂದು ಕಾರು ನಿಲ್ಲುವ ಎಡೆಯಲ್ಲಿ ಎಂಟು ಹತ್ತು ಸೈಕಲ್ಲುಗಳು ನಿಲ್ಲುವುವು. ಬಾಗಿಲು ತೆರವಾಗಿ, ಹತ್ತು ಮಂದಿ ಗಿರಾಕಿಗಳು ನಿಶ್ಚಿಂತೆಯಿಂದ ಒಳಗೆ ಬರುವುದು ವರ್ತಕರಿಗೂ ಲಾಭವೇ ಅಲ್ಲವೆ? ಆದುದರಿಂದ ಗೃಹಸ್ಥರು ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಸ್ತಾಪವನ್ನು ತರಲಿ. ಮೊದಲು ನಾಲ್ಕೇ ಕಮಾನುಗಳನ್ನು ನೆಡಿಸಿ, ಒಂದು ಮಳೆಗಾಲ ಪರೀಕ್ಷಿಸಿ ನೋಡಲಿ. ಎಂಟು ಮಕ್ಕಳ ಸೈಕಲ್ಲುಗಳು ಬೆಳಗ್ಗೆ ಇಟ್ಟಂತೆಯೇ ಸಂಜೆಗೆ ನಿಂತಿದ್ದರೆ, ಎಂಟು ಮನೆಗಳ ತಾಯಂದಿರು ದೀಪ ಹಚ್ಚುವ ಹೊತ್ತಿಗೆ ಮಕ್ಕಳ ಮುಖ ಕಾಣುವರು. ಊರಿನ ಸುಧಾರಣೆಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾವು ಕಾಣೆವು.